ಗುಂಡ್ಲುಪೇಟೆಯ ‘ಫೈನಾನ್ಸ್‌ನೋಳು’

ಮುಂಬೈ ಪಕ್ಕದ ಡೊಂಬಿವಿಲಿಯ ನಮ್ಮ ಮನೆಯಲ್ಲಿ ಹುಳ ಎಂದರೆ ಬೆಂಡೆಕಾಯಿ ಹೆಚ್ಚುವಾಗ ಹೊರಬರುವ ಪ್ರಾಣಿ. ಅಮ್ಮ ಅದನ್ನು ಚಾಕುವಿನ ತುದಿಯಲ್ಲಿ ಎತ್ತಿ ಕಿಟಕಿಯಾಚೆ ಹಾಕುತ್ತಾಳೆ, ಪಲ್ಯ ಮುಂದುವರಿಯುತ್ತದೆ. ಹಾಗಾಗಿ ಚಾಮರಾಜನಗರದ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದ ಬಾಗಿಲಿಗೆ ಒಬ್ಬ ಗಂಡಸು ಹೆಂಡತಿಯನ್ನು ಬೆನ್ನ ಮೇಲೆ ಹೊತ್ತು ತಂದು, “ಉಳ ಮುಟ್ಬುಡ್ತು ಕಣವ್ವ” ಎಂದು ಏದುಸಿರು ಬಿಟ್ಟಾಗ ನನಗೆ ಬಂದದ್ದು ಗಾಬರಿಯಲ್ಲ, ಅಸಮಾಧಾನ. ಹುಳ ಮುಟ್ಟಿದ್ದಕ್ಕೆ ಇಷ್ಟು ಗಲಾಟೆಯೆ?

ನಾನಾಗ ವೈದ್ಯಕೀಯದ ಮೂರನೆಯ ವರ್ಷದಲ್ಲಿದ್ದೆ. ಬಿಳಿ ಕೋಟು ಹೊಸದು, ಅದರೊಳಗಿನ ಆತ್ಮವಿಶ್ವಾಸ ಅದಕ್ಕಿಂತ ಹೊಸದು. ಬಾಗಿಲ ಬಳಿ ನಿಂತು ಬಂದವರ ತೊಂದರೆ ಕೇಳಿ ಒಳಗೆ ತಿಳಿಸುವುದು ಅಂದಿನ ನನ್ನ ಕೆಲಸ.

“ಯಾವ ಹುಳ?” ಎಂದೆ.

“ಅದೇ ಕಣವ್ವ, ಉಳ.”

“ಜೇನಾ? ಚೇಳಾ?”

“ಚೇಳಾದ್ರೆ ಚೇಳು ಅಂತ್ನಿಲ್ವಾ? ಉಳ ಅಂದ್ನಲ್ಲವ್ವ!”

“ಎಷ್ಟು ದೊಡ್ಡದಿತ್ತು?”

ಅವನು ಹೆಂಡತಿಯನ್ನು ಬೆಂಚಿನ ಮೇಲೆ ಒರಗಿಸಿ, ಎರಡೂ ತೋಳುಗಳನ್ನು ಚಾಚಿ ನಿಂತ. ಇಷ್ಟು ಎಂದ. ಮಾರುದ್ದ.

ಮಾರುದ್ದದ ಹುಳ ಜಗತ್ತಿನಲ್ಲಿ ಒಂದೇ. ನಾನು ಕೂಗಿದ ಕೂಗಿಗೆ ಒಳಗಿದ್ದ ಸೀನಿಯರ್ ಡಾಕ್ಟರು ಊಟದ ಕೈಯಲ್ಲೇ ಓಡಿ ಬಂದರು. ಕಾಲಿನ ಹರಡಿನ ಮೇಲೆ ಹಲ್ಲಿನ ಗುರುತು, ಮುಚ್ಚಿಕೊಳ್ಳಲು ಶುರುವಾಗಿದ್ದ ರೆಪ್ಪೆಗಳು, ವಿಷಕ್ಕೆ ಪ್ರತಿಯಾಗಿ ಕೊಡುವ ಔಷಧ, ಆಮೇಲೆ ಕಾಯುವುದು. ಆಕೆ ಬದುಕಿದರು. ಹಾವಿನ ಹೆಸರೆತ್ತಿದರೆ ಅದು ಮತ್ತೆ ಬರುತ್ತದೆಂದು ಇಲ್ಲಿಯವರು ಅದನ್ನು ಹುಳ ಎನ್ನುತ್ತಾರೆ. ಅದು ಕಚ್ಚುವುದೂ ಇಲ್ಲ, ಮರ್ಯಾದೆಯಿಂದ ‘ಮುಟ್ಟುತ್ತದೆ’. ‘ಹ’ಕಾರವಂತೂ ಈ ಸೀಮೆಯ ನಾಲಗೆಯಿಂದ ಎಂದೋ ರಜೆ ಪಡೆದಿದೆ. ಹೊಟ್ಟೆ ಒಟ್ಟೆ, ಹುಷಾರು ಉಸಾರು, ಹುಳ ಉಳ. ಮನೆಗೆ ಹೊರಟ ದಿನ ಆ ಗಂಡ ನನ್ನನ್ನು ಹುಡುಕಿಕೊಂಡು ಬಂದು ಹೇಳಿದ: “ನೀವು ಬಲೇ ಕೇಳ್ತೀರಿ ಕಣವ್ವ.” ಅದು ಹೊಗಳಿಕೆಯೋ ದೂರೋ ಇಂದಿಗೂ ಗೊತ್ತಿಲ್ಲ. ಹೊಗಳಿಕೆ ಎಂದೇ ಜಮಾ ಮಾಡಿಕೊಂಡಿದ್ದೇನೆ.

ಬಲೇ ಕೇಳುವುದು ನನ್ನ ಕಸುಬು. ಶಾಲೆಯಿಂದಲೂ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು ನಾನು. ನಮ್ಮನ್ನು ತಯಾರು ಮಾಡಿದ ಟೀಚರ್ ಎರಡು ನಿಯಮ ಕಲಿಸಿದ್ದರು. ವಾದ ಶುರುವಾಗುವ ಮೊದಲು ಪದದ ಅರ್ಥ ಗಟ್ಟಿ ಮಾಡಿಕೋ ಎನ್ನುವುದು ಒಂದು. ಪ್ರಶ್ನೆ ಯಾಕೆ ಕೇಳುತ್ತಿದ್ದೀಯ ಎಂಬುದನ್ನು ಎದುರಾಳಿಗೆ ಬಿಟ್ಟುಕೊಡಬೇಡ ಎನ್ನುವುದು ಇನ್ನೊಂದು. ಆ ಹೆಂಗಸಿನ ಜೀವ ಉಳಿದದ್ದರಲ್ಲಿ ಮೊದಲನೆಯ ನಿಯಮಕ್ಕೂ ಒಂದಿಷ್ಟು ಪಾಲಿದೆ ಎಂದು ನಂಬಿದ್ದೇನೆ. ಎರಡನೆಯದರಿಂದ ನನಗೇನಾಯಿತು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿರುವುದು. ಈ ವರ್ಷ ನಾನು ವೈದ್ಯಕೀಯ, ಹಣಕಾಸು ಎರಡರಲ್ಲಿ ಒಂದನ್ನು ಆರಿಸಬೇಕಾಗಿ ಬಂತು. ಆರಿಸಿದೆ. ಹೇಗೆ ಎಂದು ನಮ್ಮ ಕಾಲೊನಿಯ ಕನ್ನಡಿಗರೆಲ್ಲ ಅಪ್ಪನನ್ನು ಕೇಳುತ್ತಿದ್ದೀರಂತೆ. ನನ್ನನ್ನೇ ಕೇಳಬಹುದಿತ್ತು.

ನಮ್ಮ ಮನೆ ನಿಮಗೆ ಗೊತ್ತು. ಅಪ್ಪ ಉಡುಪಿ ಕಡೆಯಿಂದ ಬಂದು ಷೇರು ದಲ್ಲಾಳಿಯೊಬ್ಬರ ಕಚೇರಿಯಲ್ಲಿ ಲೆಕ್ಕಪತ್ರ ನೋಡುತ್ತಾ ತಲೆ ಬೆಳ್ಳಗಾಗಿಸಿಕೊಂಡವರು. ಯಕೃತ್ತು ಎಲ್ಲಿದೆ ಎಂದು ತಿಳಿಯುವ ಮೊದಲೇ ನನಗೆ ಬ್ಯಾಲೆನ್ಸ್ ಶೀಟು ಓದಲು ಬರುತ್ತಿತ್ತು. ಹನ್ನೆರಡನೆಯ ತರಗತಿ ಮುಗಿದಾಗ ಎರಡೂ ಬಾಗಿಲು ತೆರೆದಿದ್ದವು. ಅಖಿಲ ಭಾರತ ಕೋಟಾದಲ್ಲಿ ಚಾಮರಾಜನಗರದ ಸರ್ಕಾರಿ ಕಾಲೇಜು ಸಿಕ್ಕಿತು, ಸಿಕ್ಕಿತೆಂದು ಬಂದೆ. ಜನಸೇವೆಗಾಗಿ ಡಾಕ್ಟರಾಗುತ್ತೇನೆ ಎಂದು ವೇದಿಕೆ ಮೇಲೆ ಹೇಳುವವರನ್ನು ಕಂಡರೆ ನನಗೆ ಮೈ ತುರಿಸುತ್ತದೆ. ಸೇವೆಗೆ ಅಷ್ಟು ಆತುರವಿದ್ದರೆ ಓದು ಮುಗಿಯುವವರೆಗೆ ಕಾಯುವುದು ಯಾಕೆ? ಅಪ್ಪನೂ ನಾನೂ ಮಾಡಿಕೊಂಡ ಒಪ್ಪಂದ ಸರಳವಾಗಿತ್ತು: ಮೊದಲು ಡಿಗ್ರಿ, ಆಮೇಲೆ ಬೇಕಾದರೆ ದಾರಿ ಬದಲಿಸಬಹುದು.

ಹೊರಡುವಾಗ ಅಪ್ಪನ ಸ್ನೇಹಿತರು ಹೆದರಿಸಿದ್ದರು. ಚಾಮರಾಜನಗರಕ್ಕೆ ಕಾಲಿಟ್ಟ ದೊಡ್ಡವರೆಲ್ಲ ಕುರ್ಚಿ ಕಳೆದುಕೊಳ್ಳುತ್ತಾರಂತೆ. ನನಗೆ ಕಳೆದುಕೊಳ್ಳಲು ಕುರ್ಚಿ ಇರಲಿಲ್ಲ. ಹಾಸ್ಟೆಲಿನಲ್ಲಿ ಕೊಟ್ಟದ್ದಕ್ಕೂ ಮೂರೇ ಕಾಲು. ನನ್ನನ್ನು ಬೆಚ್ಚಿಬೀಳಿಸಿದ್ದು ರೈಲ್ವೆ ಸ್ಟೇಷನ್. ಹಳಿ ಇಲ್ಲಿಗೇ ಮುಗಿಯುತ್ತದೆ. ಡೊಂಬಿವಿಲಿಯಲ್ಲಿ ಲೋಕಲ್ ರೈಲಿಗೆ ಯಾವಾಗಲೂ ಮುಂದಿನ ಸ್ಟೇಷನ್ ಒಂದಿರುತ್ತದೆ. ಇಳಿಯದಿದ್ದರೆ ಜನವೇ ತಳ್ಳಿ ಇಳಿಸುತ್ತದೆ. ಇಲ್ಲಿ ಇಳಿದು ನಿಂತರೆ ತಳ್ಳುವವರಿಲ್ಲ, ಮುಂದೆ ಹಳಿಯಿಲ್ಲ, ದೂರದಲ್ಲಿ ಬೆಟ್ಟದ ಸಾಲು. ಇನ್ನು ಇಲ್ಲೇ ಇರಬೇಕು ಎಂದು ರೈಲೇ ಹೇಳಿದ ಹಾಗಾಯಿತು. ಆ ದಿನ ಅತ್ತೆ. ಗಾಳಿಗೆ ಕಣ್ಣಿಗೆ ಧೂಳು ಬಿತ್ತೆಂದು ಅಮ್ಮನಿಗೆ ಹೇಳಿದ್ದೆ. ಅಮ್ಮ ಇದನ್ನು ಓದಿದರೆ ಓದಲಿ.

ಭಾಷೆಯ ವಿಷಯದಲ್ಲಿ ನನಗೆ ಸೊಕ್ಕಿತ್ತು. ಮುಂಬೈಯಲ್ಲಿ ಹುಟ್ಟಿ ಬೆಳೆದೂ ಶುದ್ಧ ಕನ್ನಡ ಮಾತಾಡುವವಳು ಎಂದು ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಶಾಲು ಹೊದಿಸಿಕೊಂಡವಳಲ್ಲವೆ? ಅದೇ ಕನ್ನಡದಲ್ಲಿ ವಾರ್ಡಿನ ಮುದುಕರೊಬ್ಬರನ್ನು “ನಿಮಗೆ ಎಂತ ತೊಂದರೆ ಆಗುತ್ತಾ ಉಂಟು?” ಎಂದು ಕೇಳಿದೆ. ಅವರು ಪಕ್ಕದ ಹಾಸಿಗೆಯವರ ಕಡೆ ತಿರುಗಿ, “ಈ ಕೂಸು ಯಕ್ಷಗಾನದ್ದು ಕಣ್ಲಾ” ಎಂದರು. ಕೂಸು ಎಂದರೆ ಇಲ್ಲಿ ತೊಟ್ಟಿಲ ಮಗುವೇ ಆಗಬೇಕಿಲ್ಲ. ಮದುವೆ ವಯಸ್ಸಿನ ಹುಡುಗಿಯೂ ಕೂಸೇ. ನಾನು ಪಟ್ಟು ಹಿಡಿದು ಕಲಿತೆ. ‘ಸ್ವಲ್ಪ’ಕ್ಕೆ ‘ಒಸಿ’. ‘ಬಿಡು’ವಿಗೆ ‘ಬುಡು’. ‘ಹೋಗೋಣ’ಕ್ಕೆ ‘ಓಗನ’. “ಒಸಿ ಬಾಯ್ ಬುಡಿ, ನಾಲ್ಗೆ ನೋಡನ” ಎಂದು ಮೊದಲ ಸಲ ಹೇಳಿ, ಎದುರಿನ ಅಜ್ಜಿ ನಗದೆ ಬಾಯಿ ತೆರೆದಾಗ ಆದ ಹೆಮ್ಮೆ ಯಾವ ಟ್ರೋಫಿ ಗೆದ್ದಾಗಲೂ ಆಗಿರಲಿಲ್ಲ.

ಮುದ್ದೆಯನ್ನೂ ಕಲಿತೆ. ಅದನ್ನು ಅಗಿಯಬಾರದು. ಮುರಿದು, ಉಪ್ಸಾರಿನಲ್ಲಿ ಅದ್ದಿ, ನುಂಗಬೇಕು. ನಾನು ಮೊದಲ ದಿನ ಚೂಯಿಂಗ್ ಗಮ್ಮಿನಂತೆ ಅಗಿದದ್ದನ್ನು ಹಾಸ್ಟೆಲಿನ ಹುಡುಗಿಯರು ಇಂದಿಗೂ ಅಭಿನಯಿಸಿ ತೋರಿಸುತ್ತಾರೆ.

ಹೀಗೆ ಓದು ಮುಗಿದು ಇಂಟರ್ನ್‌ಶಿಪ್ ಶುರುವಾಯಿತು. ಅದರಲ್ಲಿ ಒಂದಷ್ಟು ಕಾಲ ತಾಲ್ಲೂಕು ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕು. ನನಗೆ ಗುಂಡ್ಲುಪೇಟೆ ಬಂತು. ಗುಂಡ್ಲುಪೇಟೆ ಎಂದರೆ ಅರ್ಧ ಅಂಗಡಿಗಳ ಬೋರ್ಡು ಮಲಯಾಳದಲ್ಲಿರುವ, ರಸ್ತೆಯ ಎರಡೂ ಕಡೆ ಚೆಂಡುಹೂವು ಹೊಳೆಯುವ ಊರು. ಮುಂದೆ ಬಂಡೀಪುರ. ರಾತ್ರಿ ಕಾಡಿನ ರಸ್ತೆ ಮುಚ್ಚುತ್ತಾರೆ. ಎಂಥ ಶ್ರೀಮಂತನ ಕಾರಾದರೂ ಗೇಟಿನ ಮುಂದೆ ಬೆಳಗಿನವರೆಗೆ ನಿಂತಿರಬೇಕು, ಒಳಗೆ ಆನೆ ಓಡಾಡುತ್ತದೆ. ನಮ್ಮ ಮುಂಬೈ ಯಾರಿಗಾಗಿಯೂ ನಿಲ್ಲುವುದಿಲ್ಲ ಎಂದು ನಾವು ಹೆಮ್ಮೆಪಡುತ್ತೇವೆ. ಯಾರಿಗಾಗಿ ನಿಲ್ಲಬೇಕೆಂದು ಗೊತ್ತಿರುವುದು ಅದಕ್ಕಿಂತ ದೊಡ್ಡ ಹೆಮ್ಮೆ ಎಂದು ನನ್ನ ವಾದ. ಒಪ್ಪದವರು ಬನ್ನಿ, ಗೇಟಿನ ಬಳಿ ಚಹಾ ಕುಡಿಯುತ್ತಾ ಚರ್ಚಿಸೋಣ.

ನಾನು ಬಾಡಿಗೆಗೆ ಹಿಡಿದದ್ದು ಪುಟ್ಟತಾಯಮ್ಮನವರ ಮಹಡಿಯ ಕೋಣೆ. ಕೆಳಗೆ ಅವರದೇ ರಾಗಿ ಮಿಲ್ಲು. ಹಿಟ್ಟಿನ ಧೂಳು ಕೂತು ಅವರ ಹುಬ್ಬು ಸದಾ ಬೆಳ್ಳಗೆ. ಮಿಲ್ಲಿನ ಸದ್ದನ್ನು ಮೀರಿಸಿ ಮಾತಾಡಿ ರೂಢಿಯಾದ ಗಂಟಲಿನಿಂದ ಗುಟ್ಟು ಹೇಳಿದರೂ ಬಸ್ ಸ್ಟ್ಯಾಂಡಿಗೆ ಕೇಳುತ್ತದೆ. ನನ್ನನ್ನು ‘ಡಾಕುಟ್ರು ಕೂಸು’ ಎಂದು ಕರೆದರು. ಹೇಳದೆ ಕೇಳದೆ ಮೆಟ್ಟಿಲ ಮೇಲೆ ಸಾರಿನ ಪಾತ್ರೆ ಇಟ್ಟು ಹೋಗುತ್ತಿದ್ದರು. ಮನೆಬಿಟ್ಟು ಇಷ್ಟು ವರ್ಷಗಳಲ್ಲಿ ಒಂಟಿತನ ಮೊದಲ ಬಾರಿಗೆ ಒಂದು ಮೆಟ್ಟಿಲು ಕೆಳಗಿಳಿದು ಕೂತಿತು.

ಅಷ್ಟರಲ್ಲಿ ಕೇತಕಿಯ ಫೋನು. ಕಾಲೇಜಿಗೂ ಮೊದಲು ಚರ್ಚಾಸ್ಪರ್ಧೆಗಳಲ್ಲಿ ನನ್ನ ಜೋಡಿಯಾಗಿದ್ದವಳು. ಈಗ ಮುಂಬೈಯ ಹೂಡಿಕೆ ಸಂಸ್ಥೆಯೊಂದರಲ್ಲಿದ್ದಾಳೆ. ಆಸ್ಪತ್ರೆ, ಔಷಧ ಕಂಪನಿಗಳನ್ನು ಅಧ್ಯಯನ ಮಾಡಿ ಯಾವುದರಲ್ಲಿ ಹಣ ಹೂಡಬಹುದೆಂದು ಹೇಳಲು ಅವರಿಗೆ ಡಾಕ್ಟರೊಬ್ಬರು ಬೇಕಿದ್ದರು. ಬ್ಯಾಲೆನ್ಸ್ ಶೀಟು ಓದುವ, ವಾದ ಮಾಡುವ ಡಾಕ್ಟರು. ಅವಳ ಮಾತು ಕೇಳಿ ಅರ್ಜಿ ಹಾಕಿದೆ, ವಿಡಿಯೊ ಸಂದರ್ಶನದಲ್ಲಿ ಅವರ ಮೇಲೇ ನಾಲ್ಕು ಪ್ರಶ್ನೆ ಎಸೆದೆ, ಕೆಲಸ ಸಿಕ್ಕಿತು. ಬರುವ ವಾರದ ಶುಕ್ರವಾರದೊಳಗೆ ಉತ್ತರ ಕೊಡಬೇಕಿತ್ತು.

ಇಲ್ಲಿ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ಹಣಕಾಸಿನ ಕೆಲಸ ಹೊಟ್ಟೆಬಾಕತನ, ಡಾಕ್ಟರಿಕೆ ಪುಣ್ಯ ಎಂಬ ವಾದ ಹೂಡಿದವರನ್ನು ನಾನು ಎರಡು ನಿಮಿಷದಲ್ಲಿ ಕೂರಿಸಬಲ್ಲೆ. ಒಬ್ಬ ಡಾಕ್ಟರ್ ಒಂದು ದಿನಕ್ಕೆ ನೋಡುವುದು ಒಂದು ಬೆಂಚಿನಷ್ಟು ಜನರನ್ನು. ಬಂಡವಾಳ ಎಲ್ಲಿಗೆ ಹೋಗಬೇಕೆಂದು ಹೇಳುವವರ ಮಾತಿನ ಮೇಲೆ ಆಸ್ಪತ್ರೆ ಎಲ್ಲಿ ಏಳಬೇಕು, ಯಾವ ಔಷಧ ತಯಾರಾಗಬೇಕು ಎನ್ನುವುದು ನಿಂತಿದೆ. ಬೆಂಚಿಗಿಂತ ಅದು ಚಿಕ್ಕದಲ್ಲ. ಅಪ್ಪ ಮಾಡಿದ್ದೂ ಅದೇ ಪ್ರಪಂಚದ ಕೆಲಸ, ಅದರ ಅನ್ನ ಉಂಡೇ ಬೆಳೆದೆ. ಈ ವಾದವನ್ನು ನಾನೇ ನನ್ನ ವಿರುದ್ಧ ಎಷ್ಟೋ ಸಲ ಮಂಡಿಸಿದೆ. ಪ್ರತಿ ಸಲವೂ ಹಣಕಾಸೇ ಗೆದ್ದಿತು.

ಗೆದ್ದ ಖುಷಿಯಲ್ಲಿ ಒಂದು ಸಂಜೆ ಮಿಲ್ಲಿಗೆ ಇಳಿದೆ. ರಾಗಿ ಬೀಸಿಸಲು ನಾಲ್ಕಾರು ಹೆಂಗಸರು ಕೂತಿದ್ದರು.

“ಅವ್ವಾ, ನಂಗೆ ಬಾಂಬೇಲಿ ಕೆಲ್ಸ ಸಿಕ್ತು. ಫೈನಾನ್ಸ್‌ದು.”

ಪುಟ್ಟತಾಯಮ್ಮ ಮಿಲ್ಲು ಆರಿಸಿದರು. “ಏನಂದೆ?”

“ಫೈನಾನ್ಸ್.”

“ನೀನಾ? ಡಾಕುಟ್ರು ಓದ್ಬುಟ್ಟು?”

“ಡಾಕ್ಟರ್ ಓದಿರೋದ್ರಿಂದ್ಲೇ ಕೊಟ್ಟಿರೋದು.”

“ಅಯ್ಯೋ ನಮ್ಮಪ್ಪ! ನೋಡಿದ್ರೇನ್ರವ್ವ, ಈಗ ಡಾಕುಟ್ರುನ್ನೂ ಸೇರ್ಸ್ಕತಾವ್ರಂತೆ!”

ಮೂಲೆಯಲ್ಲಿದ್ದವರೊಬ್ಬರು, “ಕಂತು ಕಟ್ನಿಲ್ಲ ಅಂದ್ರೆ ಸೂಜಿ ಚುಚ್ಚಕ್ಕೇನೋ” ಎಂದರು. ಎಲ್ಲರೂ ನಕ್ಕರು. ನನಗೆ ಅರ್ಥವಾಗಲಿಲ್ಲ. ನನ್ನ ಸಂಭ್ರಮಕ್ಕೆ ನಗುತ್ತಿದ್ದಾರೆಂದು ತಿಳಿದು ನಾನೂ ನಕ್ಕೆ.

ಮರುದಿನ ಮೆಟ್ಟಿಲ ಮೇಲೆ ಸಾರು ಇರಲಿಲ್ಲ. ಅದರ ಮರುದಿನ ಎದುರಾದ ಪುಟ್ಟತಾಯಮ್ಮ, “ಎದ್ರಾ ಮೇಡಮ್ಮೋರೆ?” ಎಂದರು. ಕೂಸಾಗಿದ್ದವಳು ರಾತ್ರೋರಾತ್ರಿ ಮೇಡಮ್ಮೋರಾಗಿದ್ದೆ. ಕೆಲಸ ದೊಡ್ಡದು, ಮರ್ಯಾದೆಯೂ ದೊಡ್ಡದಾಗಿದೆ ಎಂದುಕೊಂಡೆ. ಪದದ ಅರ್ಥ ಮೊದಲು ಗಟ್ಟಿ ಮಾಡಿಕೋ ಎಂದು ಊರಿಗೆಲ್ಲ ಉಪದೇಶಿಸುವವಳು ನಾನು!

ಬುಧವಾರ ಬುಧವಾರ ನಮ್ಮನ್ನು ಹತ್ತಿರದ ಬೇಗೂರಿನ ಆರೋಗ್ಯ ಕೇಂದ್ರಕ್ಕೆ ಕಳಿಸುತ್ತಿದ್ದರು. ಆ ಬುಧವಾರ ಬಂದವರು ಮಾದಮ್ಮ, ಐವತ್ತು ದಾಟಿದ ಕೂಲಿ ಕೆಲಸದ ಹೆಂಗಸು. ವಾರಗಟ್ಟಲೆಯ ಕೆಮ್ಮು, ಸಂಜೆ ಜ್ವರ, ರವಿಕೆ ಸಡಿಲವಾಗುವಷ್ಟು ಸೊರಗಿದ ಮೈ. ಕ್ಷಯದ ಸಂಶಯ ಬಂತು. ಕಫ ಪರೀಕ್ಷೆಗೆ ಬರೆದೆ. ಕ್ಷಯ ಒಬ್ಬರ ಕಾಯಿಲೆಯಲ್ಲ, ಒಂದು ಮನೆಯ ಕಾಯಿಲೆ. ಜೊತೆಗೆ ಮಲಗುವವರಿಗೆ, ಅದರಲ್ಲೂ ಚಿಕ್ಕ ಮಕ್ಕಳಿಗೆ ಬೇಗ ಅಂಟುತ್ತದೆ. ಅದಕ್ಕೇ ಕೇಳಿದೆ: “ಮನೇಲಿ ಎಷ್ಟು ಜನ ಇದ್ದೀರವ್ವ?”

ಅವರ ಮುಖ ಬಾಗಿಲು ಹಾಕಿಕೊಂಡಿತು. “ನಾನೊಬ್ಳೇಯ.”

“ದುಡಿಯೋರು?”

“ನಾನೊಬ್ಳೇಯ ಅಂದ್ನಲ್ಲ.”

ಕೆಮ್ಮಿನ ಔಷಧ ಕೈಗೆ ಕೊಟ್ಟಾಗ ಬಾಟಲಿಯನ್ನು ತಿರುಗಿಸಿ ನೋಡಿ ಕೇಳಿದರು: “ಇದ ಕೂಸ್ಗಳ್ಗೂ ಕೊಡ್ಬೈದಾ?”

ಎದುರಾಳಿ ತಾನೇ ಹೆಣೆದ ಬಲೆಗೆ ಬಿದ್ದರೆ ಚರ್ಚಾಪಟುವಿನ ಕಣ್ಣು ಹೇಗೆ ಮಿನುಗುತ್ತದೆ ಎಂದು ಆ ಕ್ಷಣ ನನ್ನನ್ನು ನೋಡಿದ್ದರೆ ತಿಳಿಯುತ್ತಿತ್ತು. “ಒಬ್ಳೇ ಅಂದ್ರಲ್ಲ, ಕೂಸುಗಳು ಯಾರವು?”

“ಪಕ್ಕದ ಮನೇವು.” ಸೆರಗು ಹೊದ್ದು ಎದ್ದೇಬಿಟ್ಟರು. ಅಂಕ ನನಗೆ ಬಂತು, ರೋಗಿ ಹೋದರು. ಬೆಂಚಿನ ಮೇಲೆ ಉಳಿದ ಹೆಂಗಸು ಪಕ್ಕದವಳ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು: “ಫೈನಾನ್ಸ್‌ನೋಳಂತೆ ಕಣಮ್ಮಿ. ಅದ್ಕೇಯ ಮನೆ ಜನನೆಲ್ಲಾ ಎಣ್ಸದು.”

ಗುಂಡ್ಲುಪೇಟೆಗೆ ಹಿಂದಿರುಗುವ ಬಸ್ಸಿನಲ್ಲಿ ಆ ಪದ ನನ್ನ ಪಕ್ಕದಲ್ಲೇ ಕೂತಿತ್ತು. ನನಗೆ ಫೈನಾನ್ಸ್ ಎಂದರೆ ಗಾಜಿನ ಕಟ್ಟಡ, ಅಪ್ಪನ ಕನ್ನಡಕ, ಗುಲಾಬಿ ಬಣ್ಣದ ವಾಣಿಜ್ಯ ಪತ್ರಿಕೆ. ಇಲ್ಲಿ ಫೈನಾನ್ಸ್ ಎಂದರೆ ಬೈಕಿನಲ್ಲಿ ಬಂದು, ಬೀದಿಯ ಹೆಂಗಸರನ್ನು ವೃತ್ತದಲ್ಲಿ ಕೂರಿಸಿ, ಕೊಟ್ಟ ಸಾಲದ ವಾರದ ಕಂತು ಎತ್ತುವವರು. ಅವರು ಒಳ್ಳೆಯವರೋ ಕೆಟ್ಟವರೋ, ಅದು ಬೇರೆ ಚರ್ಚೆ. ಆದರೆ ಅವರ ಮೊದಲ ಪ್ರಶ್ನೆ ಏನು ಗೊತ್ತೆ? ಮನೇಲಿ ಎಷ್ಟು ಜನ? ದುಡಿಯೋರೆಷ್ಟು? ಅಕ್ಷರ ಅಕ್ಷರವೂ ನನ್ನ ಪ್ರಶ್ನೆಗಳು. ವಾದ ಮಾಡುವವರು ಯಾರು ಎಂದು ನೋಡಬಾರದು, ವಾದ ಏನು ಎಂದು ನೋಡಬೇಕು ಎಂದು ನಮಗೆ ಕಲಿಸಿದ್ದರು. ಬೇಗೂರಿನ ಬೆಂಚು ಅದನ್ನು ಒಪ್ಪುವುದಿಲ್ಲ. ಕೇಳುತ್ತಿರುವವರು ಯಾರು ಎಂದು ತಿಳಿದ ಮೇಲೇ ಅಲ್ಲಿ ಉತ್ತರ ತಯಾರಾಗುವುದು.

ಮಿಲ್ಲಿಗೆ ನೇರವಾಗಿ ನುಗ್ಗಿದೆ. “ಅವ್ವಾ, ಮಿಲ್ಲು ಆರ್ಸಿ. ಮಾತಾಡ್ಬೇಕು.”

“ಏಳಿ ಮೇಡಮ್ಮೋರೆ.”

“ಮೇಡಮ್ಮೋರು ಅನ್ಬೇಡಿ. ನಾನು ಕಂತು ಎತ್ತೋಕೆ ಹೋಗ್ತಿಲ್ಲ. ಬೇರೆ ಫೈನಾನ್ಸ್ ಅದು.”

“ಫೈನಾನ್ಸ್‌ಲಿ ಬ್ಯಾರೆ ಯಾವ್ದವ್ವ? ಡಾಕುಟ್ರು ಅಂತ ರೂಮ್ ಕೊಟ್ಟೆ. ಫೈನಾನ್ಸ್‌ನೋಳು ಅಂದಿದ್ರೆ ಗೋಪಾಲಸ್ವಾಮಿ ಆಣೆಗೂ ಕೊಡ್ತಿರ್ನಿಲ್ಲ.”

ವಿವರಿಸಿದೆ. ದೊಡ್ಡ ದೊಡ್ಡ ಆಸ್ಪತ್ರೆ ಕಂಪನಿಗಳಿವೆ, ಅವುಗಳ ಷೇರಿನ ಬೆಲೆ ಏರುತ್ತದೋ ಇಳಿಯುತ್ತದೋ ಎಂದು ಓದಿ, ಲೆಕ್ಕ ಹಾಕಿ, ಹಣವಿದ್ದವರಿಗೆ ಹೇಳುವ ಕೆಲಸ.

ಅವರು ಹುಬ್ಬಿನ ಹಿಟ್ಟು ಒರೆಸಿಕೊಂಡು ಯೋಚಿಸಿದರು. “ಮುಂದ ಏನಾಯ್ತದೆ ಅಂತ ಏಳದು?”

“ಹೂಂ.”

“ಕಣಿ!”

“ಕಣಿ ಅಲ್ಲವ್ವ, ಅದಕ್ಕೆ ಲೆಕ್ಕ ಇರುತ್ತೆ.”

“ಕಣಿ ಏಳೋಳೂ ಕವಡೆ ಎಣ್ಸಿಯೇ ಏಳದು ಕಣಮ್ಮಿ. ನೀ ಏಳಿದ್ದು ಸುಳ್ಳಾಗೋದ್ರೆ?”

“ಮುಂದಿನ ಮೂರು ತಿಂಗಳಿಗೆ ಇನ್ನೊಂದು ಹೇಳೋದು.”

ಪುಟ್ಟತಾಯಮ್ಮ ನಕ್ಕ ನಗುವಿಗೆ ಮಿಲ್ಲಿನ ತಗಡು ಅದುರಿತು. ನಾನೂ ನಕ್ಕೆ. ಈ ಸಲ ಯಾಕೆ ನಗುತ್ತಿದ್ದೇನೆಂದು ಗೊತ್ತಿತ್ತು.

“ಬೇಗೂರಿಗೆ ಈ ಸುದ್ದಿ ಯಾರು ಮುಟ್ಟಿಸಿದ್ದು?”

“ನಾನೇಯ. ನನ್ ತವರಲ್ವಾ? ಸುದ್ದಿ ಇಲ್ದೆ ಬರಿಗೈಲಿ ಓಗಕ್ಕಾದದಾ?” ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, “ನಾನೇ ಬಂದು ಅಂಗಲ್ಲ ಅಂತ ಏಳ್ಲಾ?” ಎಂದರು.

“ಬೇಡ. ನಾನೇ ಹೇಳ್ತೀನಿ.”

ಮುಂದಿನ ಬುಧವಾರದ ಹೊತ್ತಿಗೆ ಮಾದಮ್ಮನ ಕಫದ ಫಲಿತಾಂಶ ಬಂದಿತ್ತು. ಕ್ಷಯವೇ. ಅವರು ಬಂದರು, ದೂರದಲ್ಲಿ ಕೂತರು. ಜೊತೆಗೆ ಅದೇ ಬೆಂಚು, ಅದೇ ಕಿವಿಗಳು. ನಾನು ನನ್ನ ಕುರ್ಚಿಯನ್ನು ಜಗಲಿಗೆ ತಂದೆ. ಟೀಚರ್ ಕ್ಷಮಿಸಲಿ, ಎರಡನೆಯ ನಿಯಮವನ್ನು ಅಲ್ಲಿ ಮುರಿದೆ.

“ನಾನು ಫೈನಾನ್ಸ್‌ನೋಳಲ್ಲ. ಬಾಂಬೇಲಿ ಒಂದು ಕೆಲಸ ಬಂದಿರೋದು ನಿಜ. ಹೋಗ್ತೀನೋ ಇಲ್ವೋ ಇನ್ನೂ ಗೊತ್ತಿಲ್ಲ. ಆದ್ರೆ ನಾನು ‘ಮನೇಲಿ ಎಷ್ಟು ಜನ’ ಅಂತ ಯಾಕೆ ಕೇಳ್ತೀನಿ ಅಂತ ಹೇಳ್ಬುಡ್ತೀನಿ, ಆಮೇಲೆ ನಿಮ್ಮಿಷ್ಟ.” ಕೆಮ್ಮಿದಾಗ ಕಾಯಿಲೆ ಗಾಳಿಯಲ್ಲಿ ಹೇಗೆ ಹೋಗುತ್ತದೆ, ಒಂದೇ ಕೋಣೆಯಲ್ಲಿ ಮಲಗುವ ಮಕ್ಕಳಿಗೆ ಹೇಗೆ ಸೇರುತ್ತದೆ, ಬರುವ ಮೊದಲೇ ಮಾತ್ರೆ ಕೊಟ್ಟರೆ ಹೇಗೆ ತಡೆಯಬಹುದು, ಎಲ್ಲ ಹೇಳಿದೆ. ಮಾತ್ರೆಗೆ ಯಾರೂ ಏನೂ ಕೊಡಬೇಕಾಗಿಲ್ಲ ಎಂದೆ. ಪ್ರಶ್ನೆ ಮಾತ್ರ ಕೇಳಲಿಲ್ಲ. ನಾಲಗೆ ತುದಿಗೆ ಬಂದದ್ದನ್ನು ಮುದ್ದೆಯ ಹಾಗೆ ನುಂಗಿದೆ.

ಬೆಂಚಿನ ಮೇಲಿದ್ದ ಒಬ್ಬರು, “ಫೈನಾನ್ಸ್‌ನೋರು ಯಾಕ್ ಕೇಳ್ತೀವಿ ಅಂತ ಯಾವತ್ತೂ ಏಳ್ನಿಲ್ಲ, ಅಲ್ವೇನಮ್ಮಿ?” ಎಂದರು. ಮಾದಮ್ಮ ತಮ್ಮ ಮಾತ್ರೆ ಕಟ್ಟಿಕೊಂಡು, ಹೇಗೆ ನುಂಗಬೇಕೆಂದು ಕೇಳಿಕೊಂಡು ಹೊರಟರು.

ಗುರುವಾರ ಕೇತಕಿ ಎರಡು ಸಲ ಫೋನು ಮಾಡಿದಳು. ಒಪ್ಪಿಗೆಯ ಪತ್ರ ಟೈಪು ಮಾಡಿ ಇಟ್ಟಿದ್ದೆ. ಕಳಿಸುವುದೊಂದೇ ಬಾಕಿ.

ಶುಕ್ರವಾರ ಬೆಳಿಗ್ಗೆ ಗುಂಡ್ಲುಪೇಟೆ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ತಲೆ ಎತ್ತಿದರೆ ಮಾದಮ್ಮ. ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದರು, ನಾನು ಹೇಳಿಕೊಟ್ಟ ಹಾಗೆಯೇ. ಒಂದು ಕೈಯಲ್ಲಿ ನಾಲ್ಕೈದು ವರ್ಷದ ಹುಡುಗಿ, ಸೊಂಟದ ಮೇಲೆ ಇನ್ನೊಂದು ಮಗು. ಬುಧವಾರದವರೆಗೆ ಕಾಯದೆ ಬೇಗೂರಿನಿಂದ ಬಸ್ಸು ಹತ್ತಿದ್ದರು.

“ಮನೇಲಿ ಇನ್ನೂ ಇಬ್ರವ್ರೆ ಕಣವ್ವ, ಇವೇ, ನನ್ ಮೊಮ್ಮಕ್ಳು,” ಎಂದರು. “ಅಪ್ಪ ಅವ್ವ ಕೇರಳಕ್ಕ ಸುಂಟಿ ಕೆಲ್ಸಕ್ಕ ಓಗವ್ರೆ. ಇವು ನನ್ ಮಗ್ಗಲಲ್ಲೇ ಮನಿಕ್ಕಳದು. ನಾ ಅವತ್ತು ಏಳಿದ್ದು ಸುಳ್ಳು.”

ಶಾಲೆಯಿಂದ ಇಲ್ಲಿಯವರೆಗೆ ನಾನು ಗೆದ್ದ ಚರ್ಚೆಗಳ ಟ್ರೋಫಿಗಳಿಗೆ ಅಮ್ಮ ಒಂದು ಕಪಾಟನ್ನೇ ಬಿಟ್ಟುಕೊಟ್ಟಿದ್ದಾಳೆ. ಆದರೆ ಸೋತ ಒಬ್ಬರಾದರೂ ನನ್ನ ಬಳಿ ಬಂದು, ನಾನು ಹೇಳಿದ್ದು ತಪ್ಪು, ಉತ್ತರ ಬದಲಾಯಿಸುತ್ತೇನೆ ಎಂದಿರಲಿಲ್ಲ. ಯಾರ ಮನಸ್ಸನ್ನೂ ಬದಲಿಸದೆ ಇಷ್ಟು ವರ್ಷ ಗೆಲ್ಲುತ್ತಿದ್ದೆ. ತೀರ್ಪುಗಾರರಿಲ್ಲದ ಆ ಗದ್ದಲದ ವರಾಂಡದಲ್ಲಿ ಒಬ್ಬ ಹೆಂಗಸು ಬಸ್ಸು ಹತ್ತಿ ಬಂದು ತನ್ನ ಉತ್ತರ ಬದಲಿಸಿದಳು. ಅದೂ ನಾನು ಬಾಯಿ ಮುಚ್ಚಿಕೊಂಡಿದ್ದಕ್ಕೆ.

ಮಕ್ಕಳನ್ನು ತೂಕಕ್ಕೆ ಹಾಕಿದೆವು. ವೈದ್ಯಾಧಿಕಾರಿಗಳು ಎದೆ ಪರೀಕ್ಷಿಸಿದರು. ಇಬ್ಬರಿಗೂ ರೋಗ ಬಂದಿರಲಿಲ್ಲ. ಮುನ್ನೆಚ್ಚರಿಕೆಯ ಮಾತ್ರೆ ಶುರುವಾಯಿತು. ಮಧ್ಯಾಹ್ನ ಊಟಕ್ಕೆ ಎದ್ದಾಗ ಫೋನು ತೆಗೆದು, ಟೈಪು ಮಾಡಿಟ್ಟಿದ್ದ ಒಪ್ಪಿಗೆಯನ್ನು ಅಳಿಸಿ, ಬರುವುದಿಲ್ಲ ಎಂದು ಎರಡು ಸಾಲು ಬರೆದೆ.

ಸಂಜೆ ಅಪ್ಪನ ಫೋನು. “ಎಂತ ಮಾರಾಯ್ತಿ, ಇನ್ನೂ ವಾದ ಮುಗಿಯಲಿಲ್ಲವಾ?”

“ಮುಗೀತು.”

“ಯಾರು ಗೆದ್ದದ್ದು?”

“ಫೈನಾನ್ಸ್.”

“ಹಾಗಾದರೆ ಯಾವಾಗ ಬರ್ತೀ?”

“ಬರುವುದಿಲ್ಲ ಅಪ್ಪ. ನಾನು ಸೋತ ಪಕ್ಷಕ್ಕೆ ಸೇರಿದೆ.”

ಆ ಕಡೆ ಲೋಕಲ್ ರೈಲಿನ ಸದ್ದು ಹಾದುಹೋಯಿತು. ಅಪ್ಪ ನಕ್ಕರು. “ವಾದದಲ್ಲಿ ಗೆದ್ದದ್ದನ್ನೇ ಮಾಡಬೇಕು ಅಂತಿದ್ದರೆ ನಾನು ಊರು ಬಿಟ್ಟು ಈ ಮುಂಬೈಗೆ ಬರ್ತಲೇ ಇರಲಿಲ್ಲ. ನನ್ನ ಅಮ್ಮನ ಹತ್ತಿರ ಯಾರಿಗಾದರೂ ಗೆಲ್ಲಲಿಕ್ಕೆ ಉಂಟಾ?” ಆ ಸ್ವರದಲ್ಲಿ ಬೇಸರವಿತ್ತು. ಹೆಮ್ಮೆಯೂ ಇತ್ತು ಎಂದು ನಾನು ವಾದಿಸಬಲ್ಲೆ, ಸಾಕ್ಷಿ ಕೇಳಬೇಡಿ.

ಮರುದಿನ ಮೆಟ್ಟಿಲ ಮೇಲೆ ಸಾರು ಇತ್ತು.

ಇಂಟರ್ನ್‌ಶಿಪ್ ಮುಗಿದ ಮೇಲೆ ಇಲ್ಲೇ ಗುತ್ತಿಗೆ ಆಧಾರದ ಮೇಲೆ ಕೆಲಸಕ್ಕೆ ಸೇರಿದ್ದೇನೆ. ಜೊತೆಗೆ ಸ್ನಾತಕೋತ್ತರ ಪ್ರವೇಶಕ್ಕೆ ಓದುತ್ತಿದ್ದೇನೆ. ಇದನ್ನು ತ್ಯಾಗವೆಂದು ಯಾರಾದರೂ ಹೊಗಳಿದರೆ ಜಗಳಕ್ಕೆ ಬರುತ್ತೇನೆ. ನನಗೆ ಸಿಕ್ಕಿದ್ದು ಹೆಚ್ಚು, ಬಿಟ್ಟದ್ದು ಕಡಿಮೆ. ಹಣಕಾಸಿನ ಪರವಾಗಿ ಮೇಲೆ ಬರೆದ ವಾದವನ್ನು ನಾನು ಇಂದಿಗೂ ಖಂಡಿಸಿಲ್ಲ. ಅದು ಹಾಗೇ ನಿಂತಿದೆ. ಕೇತಕಿ ಆ ಕಡೆ ನಿಂತು ಅದನ್ನು ನೋಡಿಕೊಳ್ಳಲಿ.

ಕಳೆದ ಸಲ ಡೊಂಬಿವಿಲಿಗೆ ಬಂದಾಗ ಊಟಕ್ಕೆ ಕೂತು ಅಮ್ಮನಿಗೆ, “ಒಸಿ ಸಾರು ಬುಡು” ಎಂದೆ. ಅಮ್ಮ ಸೌಟು ಹಿಡಿದೇ ನಿಂತಳು. “ಇದು ಯಾವ ಭಾಷೆ ಹೆಣ್ಣೇ?” ನಾನೇ ಬೆಚ್ಚಿದೆ. ಇತ್ತ ಗುಂಡ್ಲುಪೇಟೆಗೆ ಮರಳಿ ಎಲ್ಲರಂತೆಯೇ ಮಾತಾಡುತ್ತಿದ್ದೇನೆಂದು ಬೀಗುತ್ತಿರುವಾಗ ಬಸ್ಸಿನ ಕಂಡಕ್ಟರು, “ಮೇಡಮ್ಮು ಮಂಗ್ಳೂರ್ ಕಡೇರಾ?” ಎಂದು ಕೇಳಿದರು. ಎರಡು ಕಡೆಯೂ ನನ್ನ ನಾಲಗೆ ಇನ್ನೊಂದು ಕಡೆಯ ಗುಟ್ಟನ್ನು ಬಿಟ್ಟುಕೊಡುತ್ತದೆ.

ಮೊನ್ನೆ ಬುಧವಾರ ಮಾದಮ್ಮ ಬೇಗೂರಿನಲ್ಲಿ ಮಾತ್ರೆಗೆ ಬಂದಿದ್ದರು. ಕೆಮ್ಮು ನಿಂತಿದೆ, ಕೆನ್ನೆ ತುಂಬಿಕೊಂಡಿದೆ, ರವಿಕೆ ಮತ್ತೆ ಸರಿಯಾಗಿದೆ. ಮೊಮ್ಮಗಳು ನನ್ನ ಸ್ಟೆತೊಸ್ಕೋಪನ್ನು ಕುರ್ಚಿಯ ಎದೆಗಿಟ್ಟು ಕೇಳುತ್ತಿದ್ದಳು. ನಾನು ಬರೆಯುತ್ತಿದ್ದೆ. ಮಾದಮ್ಮ ಬೆಂಚಿನಿಂದ ಮುಂದೆ ಬಾಗಿ, ನನ್ನ ಮುಖವನ್ನೇ ನೋಡುತ್ತಾ, ಇಷ್ಟು ದಿನ ಯಾರಿಗೂ ಹೊಳೆಯದಿದ್ದ ಪ್ರಶ್ನೆ ಕೇಳಿದರು.

“ಎಲ್ರುನ್ನೂ ಕೇಳ್ತೀಯಲ್ಲ ಕೂಸೆ, ನಿಮ್ಮನೇಲಿ ಎಷ್ಟ್ ಜನ?”

ಬೆಂಚು ಪೂರ್ತಿ ಕಿವಿಯಾಯಿತು. ನಾನು ಬೆರಳು ಮಡಿಚಲು ಶುರು ಮಾಡಿದೆ. ಅಪ್ಪ, ಅಮ್ಮ. ಮೂರನೆಯ ಬೆರಳಿಗೆ ಪುಟ್ಟತಾಯಮ್ಮನವರ ಬೆಳ್ಳಗಿನ ಹುಬ್ಬು ನೆನಪಾಗಿ ಬೆರಳು ಅರ್ಧಕ್ಕೆ ನಿಂತಿತು. ಮಾದಮ್ಮ ಕಾಯುತ್ತಿದ್ದರು. ಅವರಿಗೆ ಸುಳ್ಳು ಹೇಳುವ ಹಾಗಿರಲಿಲ್ಲ.

“ಯಾವ ಮನೇಲವ್ವ?” ಎಂದೆ.